ಹೊಲದಲ್ಲಿ ಕ್ವಾಡ್ ಬೈಕ್: ನಾನು ಓಡಿಸುವ ರೀತಿ

ಬೈಕಿನ ಹಾಗೆ ಹ್ಯಾಂಡಲ್ ಹಿಡಿದು ಓಡಿಸುವ ಕ್ವಾಡ್ ಬೈಕ್ ಬಗ್ಗೆ ಹೆಚ್ಚಿನವರು ಹೇಳುವುದು ಒಂದೇ ಮಾತು: ನಾಲ್ಕು ಚಕ್ರ ಇದೆ, ಬೀಳುವ ಭಯ ಇಲ್ಲ. ನನಗೆ ಈ ಮಾತು ಒಪ್ಪಿಗೆ ಇಲ್ಲ. ಎರಡು ಚಕ್ರದ ಬೈಕ್ ವಾಲಿದರೆ ಕಾಲು ಊರಿ ನಿಲ್ಲಿಸಬಹುದು. ಇದಕ್ಕೆ ಕಾಲು ಊರಿದರೆ ಹಿಂದಿನ ಚಕ್ರ ಆ ಕಾಲಿನ ಮೇಲೇ ಹತ್ತುತ್ತದೆ. ಅಗಲ ಕಮ್ಮಿ, ಎತ್ತರ ಜಾಸ್ತಿ, ತೂಕ ಸುಮಾರು 300 ಕೆಜಿ. ಮಗುಚಿ ಮೈಮೇಲೆ ಬಿದ್ದರೆ ಒಬ್ಬರೇ ಎತ್ತಿ ಆಚೆ ಬರುವುದು ಆಗದ ಮಾತು. ಎದೆ ಅದುಮಿ ಉಸಿರುಕಟ್ಟಿ ಸತ್ತವರಿದ್ದಾರೆ, ಮೈಮೇಲೆ ದೊಡ್ಡ ಗಾಯವೇ ಇಲ್ಲದೆ.

ಈ ಗಾಡಿಯಲ್ಲಿ ಹ್ಯಾಂಡಲ್ ಅರ್ಧ ಕೆಲಸ ಮಾಡಿದರೆ ಇನ್ನರ್ಧ ಮಾಡುವುದು ನಮ್ಮ ಮೈತೂಕ. ಸೀಟು ಉದ್ದ ಇರುವುದನ್ನು ನೋಡಿ ಇಬ್ಬರು ಕೂರಬಹುದು ಅಂದುಕೊಳ್ಳುತ್ತಾರೆ. ಅದು ಇಬ್ಬರಿಗಲ್ಲ. ಓಡಿಸುವವರು ಹಿಂದೆ ಮುಂದೆ ಜರುಗಲಿ ಅಂತ ಅಷ್ಟು ಉದ್ದ. ಹಿಂದೆ ಒಬ್ಬರನ್ನು ಕೂರಿಸಿಕೊಂಡರೆ ಜರುಗುವ ಜಾಗವೇ ಹೋಯಿತು. ಹಾಗಾಗಿ ನಾನು ಯಾರನ್ನೂ ಹತ್ತಿಸಿಕೊಳ್ಳುವುದಿಲ್ಲ. ‘ಇಲ್ಲೇ ಗೇಟಿನ ತನಕ’ ಅಂದರೂ ಇಲ್ಲ. ಇದರಿಂದ ಬೇಜಾರು ಮಾಡಿಕೊಂಡವರಿದ್ದಾರೆ, ಪರವಾಗಿಲ್ಲ.

ಮೊದಲು ನೋಡುವುದು ಟೈರಿನ ಗಾಳಿ. ಕಾರಿನ ಟೈರಿಗೆ 30 ಪಿಎಸ್‌ಐ ಆಸುಪಾಸು ಹಾಕುತ್ತೇವೆ ಅಲ್ವಾ, ಕ್ವಾಡ್‌ಗೆ ಸಾಮಾನ್ಯವಾಗಿ 3ರಿಂದ 7 ಅಷ್ಟೇ. ಸರಿಯಾದ ಲೆಕ್ಕ ಗಾಡಿಯ ಮೇಲಿನ ಲೇಬಲ್‌ನಲ್ಲಿ ಇರುತ್ತದೆ. ಕಾರಿನ ಗೇಜ್ ಇಷ್ಟು ಕಡಿಮೆ ಗಾಳಿಯನ್ನು ನೆಟ್ಟಗೆ ತೋರಿಸುವುದಿಲ್ಲ, ಅದಕ್ಕೆಂದೇ ಬೇರೆ ಗೇಜ್ ಸಿಗುತ್ತದೆ. ನಾನು ಅದನ್ನು ಗಾಡಿಯ ಪೆಟ್ಟಿಗೆಯಲ್ಲೇ ಇಟ್ಟಿರುತ್ತೇನೆ. ಟೈರ್ ತಣ್ಣಗಿದ್ದಾಗ, ಬೆಳಿಗ್ಗೆ ಹೊರಡುವ ಮುಂಚೆ ನೋಡುತ್ತೇನೆ. ಒಂದು ಬದಿ 4, ಇನ್ನೊಂದು ಬದಿ 6 ಇದ್ದರೂ ಸಾಕು, ಗಾಡಿ ಒಂದು ಕಡೆಗೆ ಎಳೆಯುತ್ತದೆ. ಸಮತಟ್ಟಿನಲ್ಲಿ ಅದು ಬರೀ ಕಿರಿಕಿರಿ, ಇಳಿಜಾರಿನಲ್ಲಿ ಅಪಾಯ. ಜೊತೆಗೆ ಬ್ರೇಕ್ ಹಿಡಿದು ನೋಡುವುದು, ಹೆಬ್ಬೆರಳಿನ ಆಕ್ಸಿಲರೇಟರ್ ಒತ್ತಿ ಬಿಟ್ಟರೆ ತಟ್ಟನೆ ಹಿಂದಕ್ಕೆ ಬರುತ್ತದೆಯೇ ಅಂತ ನೋಡುವುದು. ಕೆಸರು ಸೇರಿ ಅದು ಅಂಟಿಕೊಂಡರೆ ಗಾಡಿ ನಿಲ್ಲುವುದಿಲ್ಲ.

ತಿರುವಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಹೊಲದಲ್ಲಿ ಓಡುವ ಹಲವು ಕ್ವಾಡ್‌ಗಳ ಹಿಂದೆ ಡಿಫರೆನ್ಷಿಯಲ್, ಅಂದರೆ ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ಸುತ್ತಲು ಬಿಡುವ ಗೇರ್, ಇರುವುದಿಲ್ಲ. ಎರಡೂ ಹಿಂಚಕ್ರ ಒಂದೇ ವೇಗದಲ್ಲಿ ಸುತ್ತುತ್ತವೆ. ತಿರುಗುವಾಗ ಒಳಗಿನ ಚಕ್ರ ಕಡಿಮೆ ದೂರ ಹೋಗಬೇಕು, ಆದರೆ ಅದು ಹೊರಗಿನದರ ಜೊತೆಗೇ ಸುತ್ತುತ್ತದೆ. ಹ್ಯಾಂಡಲ್ ತಿರುಗಿಸಿದರೂ ಗಾಡಿ ನೇರ ಹೋಗಲು ನೋಡುತ್ತದೆ. ಆಗ ವೇಗ ಇಳಿಸಿ, ಹೊರಗಿನ ಕಾಲುಮೆಟ್ಟಿನ ಮೇಲೆ ಭಾರ ಹಾಕಿ, ಮೈಯನ್ನು ಮಾತ್ರ ಒಳಗೆ ಬಾಗಿಸಬೇಕು. ಒಳಗಿನ ಚಕ್ರ ಹಗುರಾಗಿ ಮಣ್ಣಿನ ಮೇಲೆ ಸ್ವಲ್ಪ ಜಾರುತ್ತದೆ, ಗಾಡಿ ತಿರುಗುತ್ತದೆ. ಟಾರು ರಸ್ತೆಯಲ್ಲಿ ಚಕ್ರ ಹೀಗೆ ಜಾರುವುದಿಲ್ಲ, ಹಿಡಿದುಕೊಳ್ಳುತ್ತದೆ. ನಯವಾದ ರಸ್ತೆ ಅಂತ ಜೋರಾಗಿ ಹೋಗುವವರು ಮಗುಚುವುದಕ್ಕೆ ಇದೂ ಒಂದು ಕಾರಣ.

ಇಳಿಜಾರಿನಲ್ಲೂ ಇದೇ ಲೆಕ್ಕ. ಏರುವಾಗ ಮೈ ಮುಂದಕ್ಕೆ, ಇಳಿಯುವಾಗ ಹಿಂದಕ್ಕೆ, ಅಡ್ಡ ಹೋಗುವಾಗ ಏರಿನ ಕಡೆಗೆ. ಇಳಿಯುವಾಗ ಸಣ್ಣ ಗೇರ್ ಹಾಕಿ ಇಂಜಿನ್ನೇ ಹಿಡಿದುಕೊಳ್ಳಲಿ ಅಂತ ಬಿಡುತ್ತೇನೆ. ಅಡ್ಡ ಹೋಗುವುದು ನನಗೆ ಇಷ್ಟವಿಲ್ಲ. ಸುತ್ತು ಹಾಕಿದರೆ ಐದು ನಿಮಿಷ ಜಾಸ್ತಿ ಆಗುತ್ತದೆ, ಆಗಲಿ. ಅರ್ಧ ಏರಿನಲ್ಲಿ ಇಂಜಿನ್ ನಿಂತರೆ ಗಾಬರಿಯಾಗಿ ಹಿಂದಕ್ಕೆ ಉರುಳಲು ಬಿಡಬಾರದು. ಉರುಳುತ್ತಿರುವಾಗ ಹಿಂದಿನ ಬ್ರೇಕ್ ಗಟ್ಟಿಯಾಗಿ ಹಿಡಿದರೆ ಮುಂಭಾಗ ಎದ್ದು ನಮ್ಮ ಮೇಲೇ ಬರುತ್ತದೆ. ನಿಂತ ಕೂಡಲೇ ಬ್ರೇಕ್ ಹಿಡಿದು, ಪಾರ್ಕಿಂಗ್ ಬ್ರೇಕ್ ಹಾಕಿ, ಏರಿನ ಕಡೆಗೆ ಇಳಿಯಬೇಕು.

ಇನ್ನು ಔಷಧಿ ಹೊಡೆಯುವ ಟ್ಯಾಂಕ್. ನನ್ನ ಪ್ರಕಾರ ಜನ ತೀರಾ ಹಗುರವಾಗಿ ತೆಗೆದುಕೊಳ್ಳುವುದು ಇದನ್ನೇ. 60 ಲೀಟರ್ ನೀರು ಅಂದರೆ 60 ಕೆಜಿ. ಟ್ಯಾಂಕ್, ಪಂಪು, ಕೊಳವೆ, ಕಬ್ಬಿಣದ ಚೌಕಟ್ಟಿನ ತೂಕ ಬೇರೆ. ಅದೆಲ್ಲ ಕೂರುವುದು ಹಿಂದಿನ ಕ್ಯಾರಿಯರ್ ಮೇಲೆ, ಎತ್ತರದಲ್ಲಿ. ಮುಂಚಕ್ರ ಹಗುರಾಗುತ್ತದೆ, ಹ್ಯಾಂಡಲ್ ಸಡಿಲ ಅನಿಸುತ್ತದೆ. ತುಂಬಿದ ಟ್ಯಾಂಕಿಗಿಂತ ಅರ್ಧ ಖಾಲಿಯಾದ ಟ್ಯಾಂಕಿನಲ್ಲಿ ಬೇರೆ ತರಹದ ತೊಂದರೆ. ನಾವು ತಿರುಗಿ ಆದ ಮೇಲೆ ಒಳಗಿನ ನೀರು ತಡವಾಗಿ ತಿರುವಿನ ಹೊರಬದಿಗೆ ಬಂದು ಬಡಿಯುತ್ತದೆ, ಹಿಂದಿನಿಂದ ಯಾರೋ ತಳ್ಳಿದ ಹಾಗೆ. ಒಳಗೆ ಅಡ್ಡ ತಡೆ ಇರುವ ಟ್ಯಾಂಕ್ ತೆಗೆದುಕೊಂಡರೆ ಈ ಕುಲುಕಾಟ ಕಮ್ಮಿ. ಅಂಥದ್ದಿದ್ದರೂ ಇಳಿಜಾರಿನ ಹೊಲಕ್ಕೆ ನಾನು ಟ್ಯಾಂಕ್ ಕಟ್ಟಿಕೊಂಡು ಹೋಗುವುದಿಲ್ಲ. ಅಲ್ಲಿ ಬೆನ್ನಿಗೆ ಹಾಕುವ ಪಂಪೇ ಸೈ.

ಟ್ರೇಲರ್ ಎಳೆಯುವಾಗ ಹಿಚ್‌ಗೇ, ಅಂದರೆ ಗಾಡಿಯ ಹಿಂದೆ ತಗ್ಗಿನಲ್ಲಿರುವ ಕೊಂಡಿಗೇ, ಸಿಕ್ಕಿಸಬೇಕು. ಕ್ಯಾರಿಯರ್‌ಗೆ ಹಗ್ಗ ಕಟ್ಟಿ ಮರದ ದಿಮ್ಮಿ ಎಳೆಯುವವರನ್ನು ನೋಡಿದ್ದೇನೆ. ಎತ್ತರದಿಂದ ಎಳೆದರೆ ದಿಮ್ಮಿ ಸಿಕ್ಕಿಕೊಂಡ ಕ್ಷಣ ಮುಂಚಕ್ರ ಮೇಲೇಳುತ್ತದೆ.

ಹೊರೆ ಜಾಸ್ತಿ ಇರುವ ಕೆಲಸಕ್ಕೆ, ಇಬ್ಬರು ಹೋಗಬೇಕಾದ ಕೆಲಸಕ್ಕೆ ಯುಟಿವಿ ಅನ್ನುವ ಬೇರೆ ಗಾಡಿ ಬಳಸುತ್ತೇನೆ. ಅದಕ್ಕೆ ಸ್ಟೀರಿಂಗ್, ಪಕ್ಕಪಕ್ಕ ಸೀಟು, ಸುತ್ತ ಕಬ್ಬಿಣದ ಚೌಕಟ್ಟು ಇದೆ. ಆದರೆ ಆ ಚೌಕಟ್ಟು ಕಾಪಾಡುವುದು ನಾವು ಅದರ ಒಳಗಿದ್ದರೆ ಮಾತ್ರ. ಬೆಲ್ಟ್ ಹಾಕದವರು ಮಗುಚಿದಾಗ ಅರ್ಧ ಹೊರಗೆ ಬಂದು ಅದೇ ಕಬ್ಬಿಣದ ಕೆಳಗೆ ಸಿಕ್ಕಿಕೊಳ್ಳುತ್ತಾರೆ. ಗೇಟು ತೆಗೆಯಲು ಮೇಲಿಂದ ಮೇಲೆ ಇಳಿದು ಹತ್ತುವಾಗ ಬೆಲ್ಟ್ ತಪ್ಪಿಹೋಗುವುದು ಸಹಜ. ಅದಕ್ಕೇ ಗೇಟಿನ ಕೆಲಸ ಪಕ್ಕದಲ್ಲಿ ಕೂತವರದು, ಅವರು ಮತ್ತೆ ಬೆಲ್ಟ್ ಹಾಕುವ ತನಕ ನಾನು ಗಾಡಿ ಬಿಡುವುದಿಲ್ಲ. ಗಾಡಿ ವಾಲಿದಾಗ ಮೇಲಿನ ಕಂಬ ಹಿಡಿಯಲು ಕೈ ತಾನಾಗಿ ಹೋಗುತ್ತದೆ. ಪಕ್ಕದವರಿಗೆ ಹೊರಡುವ ಮುಂಚೆಯೇ ಹೇಳಿಬಿಡುತ್ತೇನೆ: ಕೈ ಒಳಗೆ, ಒಳಗಿನ ಹಿಡಿಕೆ ಮಾತ್ರ ಹಿಡಿಯಿರಿ.

ಕ್ವಾಡ್‌ಗೂ ಹಿಂದೆ ಕಮಾನು ಕೂರಿಸಬಹುದು, ಮಗುಚಿದರೆ ಸ್ವಲ್ಪ ಜಾಗ ಉಳಿಯಲಿ ಅಂತ. ಆಸ್ಟ್ರೇಲಿಯಾದಲ್ಲಿ 2021ರ ಅಕ್ಟೋಬರ್‌ನಿಂದ ಹೊಲದ ಕೆಲಸಕ್ಕೆ ಮಾರುವ ಹೊಸ ಕ್ವಾಡ್‌ಗಳಿಗೆ ಇಂಥದ್ದು ಕಡ್ಡಾಯ. ನಾನೂ ಹಾಕಿಸಿದ್ದೇನೆ. ತಗ್ಗಿದ ಕೊಂಬೆಗಳ ಕೆಳಗೆ ಹೋಗುವಾಗ ತಗಲುತ್ತದೆ ಅನ್ನುವುದು ಬಿಟ್ಟರೆ ತೊಂದರೆ ಇಲ್ಲ. ಹೆಲ್ಮೆಟ್ ಅಂತೂ ಇದ್ದೇ ಇದೆ. ಕುತ್ತಿಗೆಗೆ ಟವೆಲ್ ಸುತ್ತಿಕೊಳ್ಳುವ ಅಭ್ಯಾಸ ಬಿಟ್ಟಿದ್ದೇನೆ. ಫೋನ್ ಗಾಡಿಯ ಪೆಟ್ಟಿಗೆಯಲ್ಲಿ ಇಡುವುದಿಲ್ಲ, ಜೇಬಿನಲ್ಲಿ ಇರಬೇಕು. ಗಾಡಿಯ ಕೆಳಗೆ ಸಿಕ್ಕವರಿಗೆ ಪೆಟ್ಟಿಗೆಯ ಫೋನ್ ಇದ್ದೇನು, ಬಿಟ್ಟೇನು? ಯಾವ ಹೊಲಕ್ಕೆ, ಎಷ್ಟು ಹೊತ್ತಿಗೆ ವಾಪಸ್ ಅಂತ ಮನೆಯಲ್ಲಿ ಹೇಳಿ ಹೊರಡುತ್ತೇನೆ.

ಬೇಸಿಗೆಯಲ್ಲಿ ಸೈಲೆನ್ಸರ್ ಸುತ್ತ ಒಣಹುಲ್ಲು ಸೇರುತ್ತದೆ, ಅದು ಹೊತ್ತಿಕೊಳ್ಳಬಹುದು. ಕೆಲಸ ಮುಗಿದು ತಣ್ಣಗಾದ ಮೇಲೆ ಕಡ್ಡಿಯಲ್ಲಿ ಕೆದಕಿ ತೆಗೆಯುತ್ತೇನೆ. ಕೀಲಿ ಗಾಡಿಯಲ್ಲಿ ಬಿಡುವುದಿಲ್ಲ. ದೊಡ್ಡವರ ಕ್ವಾಡ್ ಅನ್ನು 16 ವರ್ಷದೊಳಗಿನವರಿಗೆ ಕೊಡಬೇಡಿ ಅಂತ ಗಾಡಿಯ ಲೇಬಲ್ಲೇ ಹೇಳುತ್ತದೆ. ಮಕ್ಕಳು ಕೇಳಿ ಓಡಿಸುವುದು ಕಮ್ಮಿ, ಕೀಲಿ ಕಂಡರೆ ಓಡಿಸುವುದೇ ಜಾಸ್ತಿ. ಹೊಸದಾಗಿ ಕಲಿಯುವ ದೊಡ್ಡವರಿಗೆ ನಾನು ಮೊದಲು ಕೊಡುವುದು ಖಾಲಿ ಗಾಡಿ, ಸಮತಟ್ಟು ಜಾಗ. ಎರಡೂ ಬದಿಗೆ ಮೈ ಬಾಗಿಸಿ ತಿರುಗಿಸಲು ಬಂದ ಮೇಲೇ ಇಳಿಜಾರು, ಹೊರೆ ಎಲ್ಲ.