ಹಳೇ ಸೈಡ್‌ಬೋರ್ಡಿನ ಡ್ರಾಯರ್ ಕೊನೆಗೂ ಜಾರಿತು

ಊಟದ ಕೋಣೆಗೆಂದು ತಂದ ಹಳೇ ಸೈಡ್‌ಬೋರ್ಡಿನ (ತಟ್ಟೆ-ಲೋಟ ಇಡುವ ಗಿಡ್ಡ ಕಪಾಟಿನ) ನಡುವಿನ ಡ್ರಾಯರ್ ಅರ್ಧಕ್ಕೇ ಸಿಕ್ಕಿಕೊಳ್ಳುತ್ತಿತ್ತು. ತೇವಕ್ಕೆ ಮರ ಉಬ್ಬಿರಬೇಕು ಅಂದುಕೊಂಡು ಪಕ್ಕಗಳನ್ನು ಹೆರೆಯಲು ಹೊರಟಿದ್ದೆ. ಸದ್ಯ, ಹೆರೆಯಲಿಲ್ಲ! ಹೆರೆದಿದ್ದರೆ ಒಣ ಹವೆಯಲ್ಲಿ ಮರ ಕುಗ್ಗಿ ಡ್ರಾಯರ್ ಲೊಡಲೊಡ ಅನ್ನುತ್ತಿತ್ತು.

ಪೂರ್ತಿ ಹೊರಗೆಳೆದು ತಲೆಕೆಳಗು ಮಾಡಿದಾಗ ಗೊತ್ತಾಯ್ತು: ವರ್ಷಗಟ್ಟಲೆ ಎಳೆದು ತಳ್ಳಿ ಪಕ್ಕದ ಹಲಗೆಗಳ ಕೆಳ ಅಂಚು ಹಿಂದುಗಡೆ ಸುಮಾರು 3 ಮಿಲಿಮೀಟರ್ ಸವೆದು, ಡ್ರಾಯರ್ ಓರೆಯಾಗಿ ಚೌಕಟ್ಟಿಗೆ ಕಚ್ಚುತ್ತಿತ್ತು. ಸವೆದ ಕಡೆ ಸಮ ಮಾಡಿ, ಅದೇ ಜಾತಿಯ ಮರದ ತೆಳು ಪಟ್ಟಿ ಅಂಟಿಸಿದೆ. ಮೊಳೆ ಬೇಡ, ಪಟ್ಟಿ ಸವೆದರೆ ಮೊಳೆಯ ತಲೆ ಚೌಕಟ್ಟನ್ನು ಗೀರುತ್ತದೆ. ಮಾರನೇ ದಿನ ಮೇಣದಬತ್ತಿ ಉಜ್ಜಿದೆ. ಎಣ್ಣೆ ಮಾತ್ರ ಹಾಕಬೇಡಿ, ಧೂಳು ಹಿಡಿದು ಅಂಟಂಟಾಗುತ್ತದೆ.

ಈಗ ಒಂದೇ ಬೆರಳಲ್ಲಿ ಎಳೆಯಬಹುದು. ಬೀಗ ಇನ್ನೂ ಹಠ ಮಾಡುತ್ತಿದೆ, ಅದು ಬೇರೆ ಕಥೆ.