ಗೆಳೆಯನ ಫೋನ್ ಹೋಗುತ್ತಿಲ್ಲವೇ? ಮೊದಲು ಅವನ ವೀಸಾ ತಾರೀಖು ನೋಡಿ

"ಅವನ ಫೋನ್ ಹೋಗ್ತಾನೇ ಇಲ್ಲ ಮಗಾ. ನಾಲ್ಕು ದಿನ ಆಯ್ತು. ಎಂಥ ಆಯ್ತೋ ಏನೋ, ನೀನೊಮ್ಮೆ ಹೋಗಿ ನೋಡ್ತೀಯಾ?"

ಉಡುಪಿ ಕಡೆಯಿಂದ ಗೆಳೆಯನ ಅಮ್ಮ ಹೀಗೆ ಕೇಳಿದಾಗ ನಾನು ಶಾರ್ಜಾದ ರೋಲಾದಲ್ಲಿ ಒಂದು ಬೆಡ್ ಸ್ಪೇಸ್‌ನಲ್ಲಿದ್ದೆ, ಅಂದರೆ ಹಲವರಿರುವ ರೂಮಿನಲ್ಲಿ ಬಾಡಿಗೆಗೆ ಹಿಡಿದ ಒಂದು ಮಂಚದಲ್ಲಿ. ಅವನು ದುಬೈನ ಅಲ್ ಕೂಜ್‌ನಲ್ಲಿ, ಕಂಪನಿ ಕ್ಯಾಂಪಿನಲ್ಲಿ. ಆ ಹೊತ್ತಿಗೆ ನಾನೂ ಕೆಲಸ ಬದಲಾಯಿಸುತ್ತಿದ್ದೆ. ಹಳೆ ವೀಸಾ ಕ್ಯಾನ್ಸಲ್ ಆಗಿತ್ತು, ಹೊಸದು ಬಂದಿರಲಿಲ್ಲ. ದಿನಾ ರಾತ್ರಿ ಬೆರಳೆಣಿಸಿ ದಿನ ಲೆಕ್ಕ ಹಾಕುತ್ತಿದ್ದೆ. ಈಗ ಅದರ ಮೇಲೆ ಇದೊಂದು ಚಿಂತೆ. ಆ ನಾಲ್ಕೈದು ದಿನದಲ್ಲಿ ಓಡಾಡಿ ಕಲಿತದ್ದನ್ನು, ಆಮೇಲೆ ಬೇರೆಯವರಿಗಾಗಿ ಓಡಾಡುವಾಗ ತಿಳಿದದ್ದನ್ನು ಇಲ್ಲಿ ಹೇಳುತ್ತೇನೆ. ಯುಎಇಯಲ್ಲಿ ಇರುವವರಿಗೂ, ಊರಲ್ಲಿ ಕಾಯುತ್ತಿರುವ ಮನೆಯವರಿಗೂ ಇದು ಬೇಕಾಗುತ್ತದೆ.

ಮೊದಲ ಹೆಜ್ಜೆ: ಫೋನ್ ಯಾಕೆ ಹೋಗುತ್ತಿಲ್ಲ?

ಊರಲ್ಲಿ ಫೋನ್ ಹೋಗದಿದ್ದರೆ ಚಾರ್ಜ್ ಇಲ್ಲ, ನೆಟ್‌ವರ್ಕ್ ಇಲ್ಲ ಅಂದುಕೊಳ್ಳುತ್ತೇವೆ. ಯುಎಇಯಲ್ಲಿ ಇನ್ನೊಂದು ಕಾರಣ ಇದೆ. ಅಲ್ಲಿ ಸಿಮ್ ಎಮಿರೇಟ್ಸ್ ಐಡಿಯ, ಅಂದರೆ ಅಲ್ಲಿನ ಸರ್ಕಾರಿ ಗುರುತಿನ ಚೀಟಿಯ ಮೇಲೆ ನಿಂತಿರುತ್ತದೆ. ಐಡಿ ತಾರೀಖು ಮುಗಿದು, ಹೊಸದನ್ನು ದಾಖಲು ಮಾಡಿಸದಿದ್ದರೆ ಸಿಮ್ ಬಂದ್ ಆಗುತ್ತದೆ. ವೀಸಾ ನವೀಕರಣವಾಗದೆ ಹೊಸ ಐಡಿ ಬರುವುದಿಲ್ಲ. ಅಂದರೆ ವೀಸಾ ತಡವಾದವನ ಫೋನೂ ಸಾಯುತ್ತದೆ. ಮನುಷ್ಯ ಅಲ್ಲೇ ಇರುತ್ತಾನೆ, ನಂಬರ್ ಇರುವುದಿಲ್ಲ.

ಹಾಗಾಗಿ ಕರೆ ಮಾಡುತ್ತಲೇ ಕೂರಬೇಡಿ. ಅಲ್ಲಿ ವಾಟ್ಸಾಪ್ ಕರೆ ನಡೆಯುವುದಿಲ್ಲ, ಆದರೆ ಮೆಸೇಜ್ ಹೋಗುತ್ತದೆ. ಸಿಮ್ ಇಲ್ಲದಿದ್ದರೂ ರೂಮಿನ ವೈಫೈ ಸಿಕ್ಕರೆ ಸಾಕು. "ಎಲ್ಲಿದ್ದೀಯ, ಎಲ್ಲರಿಗೂ ಗಾಬರಿಯಾಗಿದೆ" ಅಂತ ಬರೆಯಬೇಡಿ. "ಏನಾದರೂ ಪರವಾಗಿಲ್ಲ, ಒಂದು ಚುಕ್ಕಿ ಕಳಿಸು ಸಾಕು" ಅಂತ ಬರೆಯಿರಿ. ನಾಚಿಕೆಯಿಂದ ಮುಖ ಮರೆಸಿಕೊಂಡವನಿಗೆ ಒಂದು ಚುಕ್ಕಿ ಕಳಿಸುವುದು ಸುಲಭ. ಎರಡು ಟಿಕ್ ಬಿದ್ದರೆ ಫೋನ್ ಎಲ್ಲೋ ನೆಟ್ ಹಿಡಿದಿದೆ ಅಂತ ಅರ್ಥ. ದಿನಗಟ್ಟಲೆ ಒಂದೇ ಟಿಕ್ ಇದ್ದರೆ ಎದ್ದು ಹೊರಡಿ.

ಎರಡನೆಯದು: ರೂಮಿಗೆ ಹೋಗಿ

ನಾನು ಎರಡು ದಿನ ಸುಮ್ನೆ ಫೋನ್ ಮಾಡುತ್ತಾ ಕಳೆದೆ. ಅದು ತಪ್ಪು. ಮೂರನೇ ದಿನ ಸಂಜೆ ಬಸ್ಸು, ಮೆಟ್ರೊ, ಮತ್ತೆ ಬಸ್ಸು ಹಿಡಿದು ಕ್ಯಾಂಪಿಗೆ ಹೋದೆ. ಅವನು ಕೆಳಗಿನ ಮಂಚದಲ್ಲಿದ್ದ. ಬೆಡ್‌ಶೀಟನ್ನೇ ಪರದೆಯಂತೆ ಇಳಿಬಿಟ್ಟು ಒಳಗೆ ಕೂತಿದ್ದ. ಪಕ್ಕದಲ್ಲಿ ಸ್ಟೀಲ್ ತಟ್ಟೆ, ಅದರಲ್ಲಿ ಅರ್ಧ ತಿಂದ ಖುಬೂಸ್ ರೊಟ್ಟಿ ಒಣಗಿ ಹಪ್ಪಳದಂತಾಗಿತ್ತು. ನನ್ನನ್ನು ನೋಡಿ ಏನೂ ಮಾತಾಡಲಿಲ್ಲ. ದಿಂಬಿನ ಅಡಿಯಿಂದ ಪ್ಲಾಸ್ಟಿಕ್ ಕವರ್ ತೆಗೆದು ಎಮಿರೇಟ್ಸ್ ಐಡಿ ಕೈಗೆ ಕೊಟ್ಟ. ತಾರೀಖು ಮುಗಿದು 40 ದಿನ ಆಗಿತ್ತು. ಆ ತಾರೀಖಿನ ಮೇಲೆ ಹೆಬ್ಬೆರಳು ಉಜ್ಜಿ ಉಜ್ಜಿ ಅಷ್ಟು ಜಾಗ ಮಾತ್ರ ಮಸುಕಾಗಿತ್ತು.

ಕಂಪನಿ "ಇವತ್ತು ಮಾಡ್ತೇವೆ, ನಾಳೆ ಮಾಡ್ತೇವೆ" ಅಂತ ವೀಸಾ ನವೀಕರಣ ತಳ್ಳುತ್ತಾ ಬಂದಿತ್ತು. ಸಿಮ್ ಹೋಯಿತು. ಹೊರಗೆ ಹೋದರೆ ಹಿಡಿಯುತ್ತಾರೆ ಅಂತ ಹೆದರಿ ಕೆಲಸಕ್ಕೆ ಬಿಟ್ಟರೆ ಬೇರೆಲ್ಲಿಗೂ ಹೋಗುತ್ತಿರಲಿಲ್ಲ. ಅಮ್ಮನಿಗೆ ಏನು ಹೇಳುವುದು ಅಂತ ತೋಚದೆ ಸುಮ್ಮನಿದ್ದ. ಅವನ ತಪ್ಪು ಏನೂ ಇರಲಿಲ್ಲ, ಆದರೂ ಕಳ್ಳನ ಹಾಗೆ ಕೂತಿದ್ದ. ಅದನ್ನು ನೆನೆದರೆ ಇವತ್ತಿಗೂ ಸಂಕಟವಾಗುತ್ತದೆ.

ರೂಮಿನಲ್ಲಿ ಸಿಗದಿದ್ದರೆ ರೂಮ್‌ಮೇಟ್‌ಗಳನ್ನು ಕೇಳಿ, ಆಮೇಲೆ ಕ್ಯಾಂಪ್ ಬಾಸ್‌ನನ್ನು. ಬ್ಯಾಗ್ ಇದೆಯಾ, ಚಪ್ಪಲಿ ಇದೆಯಾ, ಯಾವತ್ತು ಕೊನೆಗೆ ಡ್ಯೂಟಿಗೆ ಹೋದ, ಎಲ್ಲ ಬರೆದುಕೊಳ್ಳಿ.

ಏಳು ದಿನದ ಲೆಕ್ಕ

ಇದನ್ನು ದಯವಿಟ್ಟು ಗಮನವಿಟ್ಟು ಓದಿ. ಕೆಲಸಗಾರ ಕಾರಣ ತಿಳಿಸದೆ ಸತತ 7 ದಿನಕ್ಕಿಂತ ಜಾಸ್ತಿ ಕೆಲಸಕ್ಕೆ ಬಾರದಿದ್ದರೆ ಕಂಪನಿ ಅವನ ಮೇಲೆ ಅಬ್‌ಸ್ಕಾಂಡಿಂಗ್ ದೂರು ಹಾಕಬಹುದು. ಅಂದರೆ ಕೆಲಸ ಬಿಟ್ಟು ಓಡಿಹೋದ ಅಂತ. ಆಸ್ಪತ್ರೆಯಲ್ಲಿ ಪ್ರಜ್ಞೆ ಇಲ್ಲದೆ ಮಲಗಿದವನ ಹೆಸರಿಗೂ ಇದು ಬೀಳಬಹುದು, ಯಾಕೆಂದರೆ ಕಂಪನಿಗೆ ಯಾರೂ ಹೇಳಿರುವುದಿಲ್ಲ.

ಗೆಳೆಯ ಆಸ್ಪತ್ರೆಯಲ್ಲಿ ಇದ್ದಾನೆ ಅಂತ ತಿಳಿದ ಗಳಿಗೆಯಲ್ಲೇ ಕಂಪನಿಗೆ ಬರಹದಲ್ಲಿ ತಿಳಿಸಿ. ಈಮೇಲ್ ಒಳ್ಳೆಯದು. ಇಲ್ಲದಿದ್ದರೆ ಪಿಆರ್‌ಒಗೆ (ಕಂಪನಿಯಲ್ಲಿ ವೀಸಾ ಕಾಗದ ನೋಡಿಕೊಳ್ಳುವವನಿಗೆ) ವಾಟ್ಸಾಪ್, ಜೊತೆಗೆ ಆಸ್ಪತ್ರೆ ಚೀಟಿಯ ಫೋಟೋ. ಬಾಯಿಮಾತು ಸಾಲದು. ದೂರು ಆಗಲೇ ಬಿದ್ದಿದ್ದರೆ ಯುಎಇಯ ಕಾರ್ಮಿಕ ಸಚಿವಾಲಯದಲ್ಲಿ ಅದನ್ನು ಪ್ರಶ್ನಿಸಬಹುದು. ಆಗ ಈ ತಾರೀಖು ಇರುವ ಕಾಗದಗಳೇ ನಿಮ್ಮ ಕೈಹಿಡಿಯುತ್ತವೆ. ಸಚಿವಾಲಯದ ಫೋನ್ 600590000.

ಮೂರನೆಯದು: ಆಸ್ಪತ್ರೆ, ಪೊಲೀಸ್, ಕಾನ್ಸುಲೇಟ್

ದುಬೈನಲ್ಲಿ ದೊಡ್ಡ ಅಪಘಾತವಾದರೆ ಹೆಚ್ಚಾಗಿ ರಶೀದ್ ಆಸ್ಪತ್ರೆಗೆ ಒಯ್ಯುತ್ತಾರೆ. ಮೊದಲು ಅಲ್ಲಿ ವಿಚಾರಿಸಿ. ಕೈಯಲ್ಲಿ ಅವನ ಪಾಸ್‌ಪೋರ್ಟ್ ಪ್ರತಿ ಇರಲಿ. ಅರಬಿಯಲ್ಲೂ ಇಂಗ್ಲಿಷಿನಲ್ಲೂ ನಮ್ಮ ಹೆಸರುಗಳನ್ನು ಹತ್ತು ಥರ ಬರೆಯುತ್ತಾರೆ, ಪಾಸ್‌ಪೋರ್ಟ್ ನಂಬರ್ ಒಂದೇ. ಆಮೇಲೆ ದುಬೈ ಪೊಲೀಸ್: ತುರ್ತು ಇಲ್ಲದ ವಿಚಾರಕ್ಕೆ 901, ಜೀವಕ್ಕೆ ಅಪಾಯ ಅನ್ನಿಸಿದರೆ 999.

ಬಂಧನ ಆಗಿರಬಹುದಾ? ಆಗಿದ್ದರೆ ಫೋನ್ ಕೈಯಲ್ಲಿ ಇರುವುದಿಲ್ಲ. 1963ರ ವಿಯೆನ್ನಾ ಒಪ್ಪಂದದ ಪ್ರಕಾರ ಬಂಧಿತ ವಿದೇಶಿಗೆ ತನ್ನ ದೇಶದ ಕಾನ್ಸುಲೇಟ್‌ಗೆ ತಿಳಿಸಿ ಅಂತ ಕೇಳುವ ಹಕ್ಕಿದೆ. ಆದರೆ ಅವನು ಕೇಳಬೇಕು. ಹೆದರಿದವನು, ಭಾಷೆ ಬಾರದವನು ಕೇಳುವುದಿಲ್ಲ. ಆದ್ದರಿಂದ ಹೊರಗಿನಿಂದ ನಾವು ಕೇಳಬೇಕು.

ದುಬೈ, ಶಾರ್ಜಾ, ಅಜ್ಮಾನ್, ಉಮ್ಮ್ ಅಲ್ ಕುವೈನ್, ರಾಸ್ ಅಲ್ ಖೈಮಾ, ಫುಜೈರಾ, ಈ ಆರಕ್ಕೂ ದುಬೈನ ಭಾರತೀಯ ಕಾನ್ಸುಲೇಟ್. ಅಬುಧಾಬಿಗೆ ಅಲ್ಲಿನ ರಾಯಭಾರ ಕಚೇರಿ. ಕಾನ್ಸುಲೇಟ್‌ನ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರಕ್ಕೆ ಉಚಿತ ಕರೆ ಇದೆ: 800 46342. ಊರಲ್ಲಿರುವ ಅಪ್ಪ ಅಮ್ಮ, ಅಣ್ಣ ತಂಗಿ ಯಾರಾದರೂ ವಿದೇಶಾಂಗ ಸಚಿವಾಲಯದ 'ಮದದ್' ಪೋರ್ಟಲ್‌ನಲ್ಲಿ ದೂರು ದಾಖಲಿಸಲಿ. 2015ರಿಂದ ಅದು ನಡೆಯುತ್ತಿದೆ. ದೂರಿಗೊಂದು ನಂಬರ್ ಸಿಗುತ್ತದೆ, ಮುಂದೆ ಏನಾಯಿತು ಅಂತ ಅದರಲ್ಲೇ ನೋಡಬಹುದು. ಬೆಂಗಳೂರಿನಲ್ಲಿ ರಾಜ್ಯ ಸರ್ಕಾರದ ಅನಿವಾಸಿ ಭಾರತೀಯ ಸಮಿತಿಯೂ ಇದೆ. ಯುಎಇಯ ಕರ್ನಾಟಕ ಸಂಘಗಳವರಿಗೂ ಒಂದು ಮಾತು ಹಾಕಿ. ಯಾವ ಸ್ಟೇಷನ್‌ಗೆ ಹೋಗಬೇಕು, ಜೊತೆಗೆ ಯಾರು ಬರುತ್ತಾರೆ ಅನ್ನುವುದಕ್ಕೆಲ್ಲ ಅವರಷ್ಟು ಬೇಗ ಒದಗುವವರು ಇಲ್ಲ.

ನಿಮ್ಮ ಕಾಗದವೇ ಸರಿ ಇಲ್ಲ ಅಂದರೆ? ನನಗೂ ಆಗ ಪೊಲೀಸ್ ಸ್ಟೇಷನ್ ಅಂದರೆ ಎದೆ ಹೊಡೆದುಕೊಳ್ಳುತ್ತಿತ್ತು. ಸ್ಟೇಷನ್‌ಗೆ ಕಾಗದ ಸರಿ ಇರುವವರನ್ನು ಕಳಿಸಿ, ನೀವು ಫೋನ್ ಕೆಲಸ ಮಾಡಿ. ಸಹಾಯ ಕೇಂದ್ರಕ್ಕೆ ಕರೆ ಮಾಡಿ, ಮನೆಯವರಿಂದ ಮದದ್ ದೂರು ಬರೆಸಿ. ಹೆದರಿಕೆಗೆ ಸುಮ್ಮನೆ ಕೂತುಬಿಡುವುದು ಮಾತ್ರ ಬೇಡ.

ನಾಲ್ಕನೆಯದು: ವೀಸಾ ನಿಜವಾಗಿ ಎಲ್ಲಿದೆ ಅಂತ ನೋಡುವುದು

2022ರಿಂದ ಪಾಸ್‌ಪೋರ್ಟಿನಲ್ಲಿ ರೆಸಿಡೆನ್ಸ್ ವೀಸಾ ಸ್ಟಿಕ್ಕರ್ ಅಂಟಿಸುವುದಿಲ್ಲ. ಎಮಿರೇಟ್ಸ್ ಐಡಿಯೇ ಪುರಾವೆ. ಹಾಗಾಗಿ ತುಂಬಾ ಜನಕ್ಕೆ ತಮ್ಮ ವೀಸಾ ಯಾವತ್ತು ಮುಗಿಯುತ್ತದೆ ಅನ್ನುವುದೇ ತಲೆಯಲ್ಲಿ ಇರುವುದಿಲ್ಲ.

ವೀಸಾ ಫೈಲ್ ನಂಬರ್ 201ರಿಂದ ಶುರುವಾದರೆ ಅದು ದುಬೈ ವೀಸಾ, ದುಬೈ ವಲಸೆ ಇಲಾಖೆ ಜಿಡಿಆರ್‌ಎಫ್‌ಎ ವೆಬ್‌ಸೈಟಿನಲ್ಲಿ ನೋಡಿ. 101 ಅಬುಧಾಬಿ, 301 ಶಾರ್ಜಾ. ದುಬೈ ಬಿಟ್ಟು ಉಳಿದವೆಲ್ಲ ಯುಎಇ ಕೇಂದ್ರ ವಲಸೆ ಪ್ರಾಧಿಕಾರ ಐಸಿಪಿಯ ವೆಬ್‌ಸೈಟಿನಲ್ಲಿ. ಫೈಲ್ ನಂಬರ್ ಅಥವಾ ಪಾಸ್‌ಪೋರ್ಟ್ ನಂಬರ್, ಹುಟ್ಟಿದ ದಿನ, ದೇಶ ಇಂಥ ವಿವರ ಕೇಳುತ್ತದೆ. ಹಣ ಕೊಡಬೇಕಿಲ್ಲ. "ಐನೂರು ದಿರ್ಹಮ್ ಕೊಡು, ಒಳಗಿನಿಂದ ನೋಡಿ ಹೇಳ್ತೇನೆ" ಅನ್ನುವವರ ಮಾತಿಗೆ ಹೋಗಬೇಡಿ.

ವಿಸಿಟ್ ವೀಸಾ ಆದರೆ ದೇಶದೊಳಗೆ ಬಂದ ದಿನದಿಂದ ಎಣಿಸಿ, ವೀಸಾ ಕೊಟ್ಟ ದಿನದಿಂದ ಅಲ್ಲ. ರೆಸಿಡೆನ್ಸ್ ವೀಸಾ ಕ್ಯಾನ್ಸಲ್ ಆದಮೇಲೆ ದಂಡವಿಲ್ಲದೆ ಇರಲು ಸಿಗುವ ಗ್ರೇಸ್ ದಿನಗಳು ಎಲ್ಲರಿಗೂ ಒಂದೇ ಅಲ್ಲ. ರೂಮ್‌ಮೇಟ್‌ಗೆ ಸಿಕ್ಕಷ್ಟೇ ನಿಮಗೂ ಸಿಗುತ್ತದೆ ಅಂತ ನಂಬಬೇಡಿ, ನಿಮ್ಮ ಫೈಲ್ ನೋಡಿ. ದಿನ ಮೀರಿದರೆ ದಂಡ ದಿನಕ್ಕೆ 50 ದಿರ್ಹಮ್. ಒಂದು ವರ್ಷಕ್ಕೆ 18,250. ಬಹಳಷ್ಟು ಕೆಲಸಗಾರರಿಗೆ ಅದು ಒಂದು ವರ್ಷದ ಸಂಬಳದ ಹತ್ತಿರ ಬರುತ್ತದೆ.

ವೀಸಾ ಮೀರಿದವರಿಗೆ ಸರ್ಕಾರ ದಂಡ ಮನ್ನಾ ಮಾಡುವ ಕ್ಷಮಾದಾನ ಬರುತ್ತದೆ ಅಂತ ಕಾಯುವವರನ್ನು ನೋಡಿದ್ದೇನೆ. 2018ರಲ್ಲಿ ಬಂತು. 2020ರಲ್ಲಿ ಕೋವಿಡ್ ಹೊತ್ತಿಗೆ ದಂಡ ಮನ್ನಾ ಆಯಿತು. ಆಮೇಲೆ ಬಂದದ್ದು 2024ರ ಸೆಪ್ಟೆಂಬರ್ 1ರಿಂದ ಡಿಸೆಂಬರ್ 31ರವರೆಗೆ. ನಡುವೆ ವರ್ಷಗಟ್ಟಲೆ. ಅಷ್ಟು ವರ್ಷ ಪರದೆ ಹಿಂದೆ ಕೂರಲಾಗುತ್ತದಾ?

ಕೆಲಸದ ವೀಸಾ, ಅದರ ನವೀಕರಣ, ಎಮಿರೇಟ್ಸ್ ಐಡಿ, ಈ ಖರ್ಚೆಲ್ಲ ಕಂಪನಿಯದು. ಪಾಸ್‌ಪೋರ್ಟ್ ಇಟ್ಟುಕೊಳ್ಳುವ ಹಕ್ಕೂ ಕಂಪನಿಗೆ ಇಲ್ಲ. ನನ್ನ ಗೆಳೆಯ ಕಾರ್ಮಿಕ ಸಚಿವಾಲಯಕ್ಕೆ ದೂರು ಕೊಟ್ಟ ಮೇಲೆಯೇ ಅವನ ಫೈಲ್ ಅಲ್ಲಾಡಿದ್ದು.

ಇವತ್ತೇ ಮಾಡಿಟ್ಟುಕೊಳ್ಳಿ

ಫೋನ್ ಹೋಗದ ದಿನ ಹುಡುಕಿದರೆ ಯಾವ ನಂಬರೂ ಸಿಗುವುದಿಲ್ಲ. ಅವತ್ತು ನನ್ನ ಹತ್ತಿರ ಅವನ ಪಾಸ್‌ಪೋರ್ಟ್ ಪ್ರತಿ ಇರಲಿಲ್ಲ, ಅವನ ಅಮ್ಮನ ಹತ್ತಿರವೂ ಇರಲಿಲ್ಲ. ಈಗ ನಾನೂ ಗೆಳೆಯನೂ ಒಂದೊಂದು ಹಾಳೆ ಬದಲಾಯಿಸಿಕೊಂಡಿದ್ದೇವೆ. ಪಾಸ್‌ಪೋರ್ಟಿನ ಮೊದಲ ಮತ್ತು ಕೊನೆಯ ಪುಟ, ಎಮಿರೇಟ್ಸ್ ಐಡಿಯ ಎರಡೂ ಬದಿ, ವೀಸಾ ಫೈಲ್ ನಂಬರ್, ಕಂಪನಿ ಹೆಸರು, ಪಿಆರ್‌ಒ ನಂಬರ್, ಕ್ಯಾಂಪಿನ ರೂಮ್ ನಂಬರ್, ಇಬ್ಬರು ರೂಮ್‌ಮೇಟ್‌ಗಳ ನಂಬರ್. ಇದರದೇ ಒಂದು ಪ್ರತಿ ಊರಿನ ಮನೆಯಲ್ಲಿ, ರೇಷನ್ ಕಾರ್ಡ್ ಇಡುವ ಜಾಗದಲ್ಲಿ ಇದೆ. ಐಡಿ ಮುಗಿಯುವ ತಾರೀಖಿಗೆ ಎರಡು ತಿಂಗಳು ಮೊದಲು ಇಬ್ಬರ ಫೋನಿನಲ್ಲೂ ಅಲಾರಂ ಹೊಡೆಯುತ್ತದೆ. ನನ್ನ ಫೋನಿನಲ್ಲಿ ಅವನದು, ಅವನ ಫೋನಿನಲ್ಲಿ ನನ್ನದು.

ಗೆಳೆಯ ಸಿಕ್ಕ ಮೇಲೆ ಬೈಯಬೇಡಿ, ಬುದ್ಧಿ ಹೇಳಬೇಡಿ. ನಿಮ್ಮ ಫೋನಿನಿಂದಲೇ ಮನೆಗೆ ಕರೆ ಹಚ್ಚಿ ಕೈಗೆ ಕೊಡಿ. ನಾನು ಕ್ಯಾಂಪಿನ ಮೆಟ್ಟಿಲ ಮೇಲೆ ನಿಂತು ಕೊಟ್ಟೆ. "ಅಮ್ಮಾ" ಅಂದ ಅಷ್ಟೆ, ಮುಂದೆ ಮಾತು ಹೊರಡಲಿಲ್ಲ. ಆ ಕಡೆಯಿಂದ ಕೇಳಿದ್ದು ಒಂದೇ, "ಊಟ ಆಯ್ತಾ ಮಗಾ?"