ಹೆಲ್ಸಿಂಕಿಯಿಂದ ಲಿಸ್ಬನ್‌ಗೆ: ದೂರವನ್ನೂ ಹಾರಾಟದ ಅವಧಿಯನ್ನೂ ನಾನು ಲೆಕ್ಕ ಹಾಕಿದ ಬಗೆ

ಶಿವಮೊಗ್ಗದಿಂದ ಬಂದು ಹೆಲ್ಸಿಂಕಿಯ ನಮ್ಮ ಮನೆಯಲ್ಲಿದ್ದ ಅಮ್ಮನನ್ನು ಲಿಸ್ಬನ್‌ಗೆ ಕರೆದೊಯ್ಯಲು ಟಿಕೆಟ್ ಮಾಡಿಸಿದಾಗ, ಅದರಲ್ಲಿ ಸಂಜೆ 4.00ಕ್ಕೆ ಹೊರಟು 7.05ಕ್ಕೆ ತಲುಪುವುದೆಂದಿತ್ತು. ಮಂಡಿನೋವಿನಿಂದ ಹೆಚ್ಚು ಹೊತ್ತು ಕೂರಲಾಗದ ಅಮ್ಮ, "ಮೂರು ಗಂಟೆ ತಾನೆ, ಹೇಗೋ ಕೂತಿರ್ತೀನಿ ಬಿಡು" ಎಂದರು. ಆದರೆ ಅವೆರಡೂ ಆಯಾ ಊರಿನ ಸಮಯಗಳು. ಪೋರ್ಚುಗಲ್ ಫಿನ್‌ಲ್ಯಾಂಡ್‌ಗಿಂತ 2 ಗಂಟೆ ಹಿಂದಿರುವುದರಿಂದ ನಿಜವಾದ ಅವಧಿ 5 ಗಂಟೆ 5 ನಿಮಿಷ. ಎರಡೂ ದೇಶಗಳು ಮಾರ್ಚ್ ಮತ್ತು ಅಕ್ಟೋಬರ್ ತಿಂಗಳ ಕೊನೆಯ ಭಾನುವಾರವೇ ಗಡಿಯಾರ ಬದಲಿಸುವುದರಿಂದ ಈ ಅಂತರ ವರ್ಷವಿಡೀ ಹಾಗೆಯೇ ಇರುತ್ತದೆ.

ಅಷ್ಟು ಹೊತ್ತು ಏಕೆ ಬೇಕೆಂದು ತಿಳಿಯಲು ದೂರವನ್ನು ನಾನೇ ಲೆಕ್ಕ ಹಾಕಲು ಕುಳಿತೆ. ಹೆಲ್ಸಿಂಕಿ ವಿಮಾನ ನಿಲ್ದಾಣ 60.32 ಡಿಗ್ರಿ ಉತ್ತರ, 24.96 ಡಿಗ್ರಿ ಪೂರ್ವದಲ್ಲಿದೆ, ಲಿಸ್ಬನ್‌ನದು 38.77 ಡಿಗ್ರಿ ಉತ್ತರ, 9.13 ಡಿಗ್ರಿ ಪಶ್ಚಿಮದಲ್ಲಿದೆ. ಒಂದು ಡಿಗ್ರಿಗೆ 111.2 ಕಿ.ಮೀ. ಎಂದು ಹಿಡಿದು, ಶಾಲೆಯಲ್ಲಿ ಕಲಿತ ಪೈಥಾಗೊರಸ್ ಪ್ರಮೇಯವನ್ನು ಬಳಸಿದಾಗ ಸುಮಾರು 4,485 ಕಿ.ಮೀ. ಬಂತು. ಇದು ತಪ್ಪು. ರೇಖಾಂಶದ ಗೆರೆಗಳು ಧ್ರುವದತ್ತ ಹೋದಂತೆ ಒಂದಕ್ಕೊಂದು ಹತ್ತಿರವಾಗುತ್ತವೆ; ಬೆಂಗಳೂರಿನ ಅಕ್ಷಾಂಶದಲ್ಲಿ ಒಂದು ಡಿಗ್ರಿ ರೇಖಾಂಶ ಇನ್ನೂ 108 ಕಿ.ಮೀ.ಗಿಂತ ಹೆಚ್ಚು ಅಗಲವಿರುವುದರಿಂದ ಬೆಂಗಳೂರು–ಮಂಗಳೂರಿನ ನೇರ ದೂರಕ್ಕೆ ಈ ಲೆಕ್ಕ ಹೆಚ್ಚುಕಡಿಮೆ ಸರಿಹೋಗುತ್ತದೆ, ಆದರೆ ಲಿಸ್ಬನ್‌ನಲ್ಲಿ ಅದು ಸುಮಾರು 87 ಕಿ.ಮೀ.ಗೂ ಹೆಲ್ಸಿಂಕಿಯಲ್ಲಿ ಸುಮಾರು 55 ಕಿ.ಮೀ.ಗೂ ಇಳಿಯುತ್ತದೆ.

ಆದ್ದರಿಂದ ಗೋಳದ ತ್ರಿಕೋನಮಿತಿಯ ಸೂತ್ರವನ್ನು ಎಕ್ಸೆಲ್‌ನಲ್ಲಿ ಬರೆದೆ: ಎರಡು ಅಕ್ಷಾಂಶಗಳ ಸೈನ್‌ಗಳ ಗುಣಲಬ್ಧಕ್ಕೆ, ಅವುಗಳ ಕೊಸೈನ್‌ಗಳನ್ನು ರೇಖಾಂಶಗಳ ವ್ಯತ್ಯಾಸದ ಕೊಸೈನ್‌ನೊಂದಿಗೆ ಗುಣಿಸಿ ಕೂಡಿದರೆ, ಭೂಕೇಂದ್ರದಲ್ಲಿ ಎರಡು ಊರುಗಳ ನಡುವಿನ ಕೋನದ ಕೊಸೈನ್ ಸಿಗುತ್ತದೆ. ಎಕ್ಸೆಲ್ ಕೋನವನ್ನು ರೇಡಿಯನ್‌ನಲ್ಲಿ ಕೇಳುವುದರಿಂದ ಡಿಗ್ರಿಗಳನ್ನು ಮೊದಲು ಪರಿವರ್ತಿಸಬೇಕು. ಲಿಸ್ಬನ್ ಪಶ್ಚಿಮದಲ್ಲಿರುವುದರಿಂದ ಅದರ ರೇಖಾಂಶಕ್ಕೆ ಋಣ ಚಿಹ್ನೆಯೂ ಬೇಕು. ಅದನ್ನು ಮರೆತಾಗ ನನಗೆ ಬಂದ ಉತ್ತರ 2,640 ಕಿ.ಮೀ. ತಿದ್ದಿದ ಮೇಲೆ ಕೋನ 30.26 ಡಿಗ್ರಿ, ದೂರ ಸುಮಾರು 3,365 ಕಿ.ಮೀ. ಎಂದಾಯಿತು. ಈ ಮಾರ್ಗದ ನಟ್ಟನಡುವಿನ ಬಿಂದು ಬ್ರಸೆಲ್ಸ್‌ನ ಪಕ್ಕದಲ್ಲೇ ಬೀಳುತ್ತದೆ; ಅಕ್ಷಾಂಶ ರೇಖಾಂಶಗಳ ಬರೀ ಸರಾಸರಿ ತೆಗೆದಿದ್ದರೆ ಅದು ಜರ್ಮನಿಯ ನೈಋತ್ಯ ಭಾಗದಲ್ಲಿ ಬೀಳುತ್ತಿತ್ತು. ಈ ವ್ಯತ್ಯಾಸ ಕಂಡಾಗ ನನಗಾದ ಸಂತೋಷ ಇಂದಿಗೂ ನೆನಪಿದೆ.

ಅವಧಿಯ ಲೆಕ್ಕಕ್ಕೆ ವಿಮಾನದ ವೇಗವನ್ನು ಗಂಟೆಗೆ 830 ಕಿ.ಮೀ. ಎಂದು ಹಿಡಿದೆ. ಯೂರೋಪಿನ ಮೇಲೆ ಎತ್ತರದಲ್ಲಿ ಗಾಳಿ ಬಹುಪಾಲು ಪಶ್ಚಿಮದಿಂದ ಬೀಸುವುದರಿಂದ ಹೋಗುವಾಗ 60 ಕಿ.ಮೀ. ಕಳೆದು, ಬರುವಾಗ ಅಷ್ಟನ್ನೇ ಕೂಡಿಸಿದೆ. ಹೋಗಲು 4 ಗಂಟೆ 22 ನಿಮಿಷ, ಬರಲು 3 ಗಂಟೆ 47 ನಿಮಿಷ ಬಂತು. ರನ್‌ವೇವರೆಗಿನ ಓಡಾಟ, ಏರುವಾಗ ಇಳಿಯುವಾಗಿನ ಕಡಿಮೆ ವೇಗ, ಮಾರ್ಗದ ತಿರುವುಗಳಿಗೆಂದು ತಲಾ 35 ನಿಮಿಷ ಸೇರಿಸಿದರೆ 4 ಗಂಟೆ 57 ನಿಮಿಷ ಮತ್ತು 4 ಗಂಟೆ 22 ನಿಮಿಷ. ಹಿಂದಿರುಗುವ ಟಿಕೆಟ್‌ನಲ್ಲಿ ಇದ್ದದ್ದು 4 ಗಂಟೆ 35 ನಿಮಿಷ.

ಈ ಲೆಕ್ಕವನ್ನು ನಂಬಿ ಅಮ್ಮನಿಗೆ ನಡುದಾರಿಯ ಪಕ್ಕದ ಸೀಟು ಕೊಡಿಸಿ, ಗಂಟೆಗೊಮ್ಮೆ ಎಬ್ಬಿಸಿ ನಡೆಸಿದೆ. ಹೋಗುವಾಗ ನಾಲ್ಕು ಬಾರಿ ಎದ್ದರು, ಬರುವಾಗ ಮೂರೇ ಬಾರಿ.